ಬೈಗುಳಕ್ಕೆ ಬಿದ್ದ ತಾಳ

ಇದು ನಡೆದ ಕಥೆ. ನಡೆದದ್ದಷ್ಟೇ ಅಲ್ಲ, ಕೊನೆಕೊನೆಗೆ ಕುಣಿದದ್ದೂ ಹೌದು.

ಹೊಲಿಗೆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಂದು ಸಂಗೀತ ಪತ್ರಿಕೆ ಇತ್ತು. ಕೆಳಗೆ ಯಂತ್ರ ಓಡಿದರೆ ಮೇಲಿನ ಮೇಜುಗಳೂ ನಡುಗುತ್ತಿದ್ದವು. ಅಲ್ಲಿ ರ‍್ಯಾಪ್ ಪುಟ ಬರೆಯುವವಳಿಗೆ ‘ಪಿಟೀಲು’ ಅಂತ ಅಡ್ಡಹೆಸರು. ನುಡಿಸಲು ಬರುತ್ತಿತ್ತು ಅಂತಲ್ಲ. ಸಂದರ್ಶನಕ್ಕೆ ಸಿಕ್ಕವರ ತಲೆಯ ಮೇಲೆ ಕುಯ್ದು ಕುಯ್ದು ಬಾಯಿ ಬಿಡಿಸುತ್ತಿದ್ದಳು. ಆಮೇಲೆ ರೆಕಾರ್ಡಿಂಗ್ ಹಾಕಿಕೊಂಡು, ಅವರು ಉಸಿರು ತಗೊಂಡ ಕಡೆಯೆಲ್ಲ ಸಾಲು ಮುರಿದು ಟೈಪ್ ಮಾಡುತ್ತಿದ್ದಳು. ಓದಿದರೆ ಆ ಮನುಷ್ಯನೇ ಎದುರು ಕೂತು ಗೊಣಗಿದ ಹಾಗೆ ಕೇಳಿಸಬೇಕು ಅನ್ನುವುದು ಅವಳ ಹಟ. ಬೀದಿಬದಿ ಹಾಡುವ ಹುಡುಗ ಹುಡುಗಿಯರು ಆ ಪುಟ ಓದಿ ತಮ್ಮ ಸಾಲುಗಳನ್ನು ತಿದ್ದಿಕೊಳ್ಳುತ್ತಿದ್ದರು.

ಒಂದು ದಿನ ಪತ್ರಿಕೆಯ ಯಜಮಾನರು ಕರೆದರು.

“ನೋಡಮ್ಮ, ರೇಡಿಯೋದಲ್ಲಿ ಬರದೇ ಇರೋ ಹಾಡಿನ ಬಗ್ಗೆ ಎಷ್ಟು ದಿನ ಅಂತ ಬರೀತೀಯ? ಜಾಹೀರಾತಿನವರು ನಗ್ತಾರೆ. ಮುಂದಿನ ಸಂಚಿಕೆಯೊಳಗೆ ಒಂದಾದ್ರೂ ರ‍್ಯಾಪ್ ರೇಡಿಯೋ ಹತ್ತಲಿ. ಇಲ್ಲಾಂದ್ರೆ ಆ ಪುಟಕ್ಕೆ ರಾಶಿ ಭವಿಷ್ಯ.”

“ಮತ್ತೆ ನನ್ನ ಭವಿಷ್ಯ ಸರ್?”

“ಅದನ್ನೂ ಅಲ್ಲೇ ಓದ್ಕೋ.”

ರೇಡಿಯೋ ಅಂದರೆ ನಿಲಯದ ನಿರ್ದೇಶಕರು. ಅವರಿಗೋ ರ‍್ಯಾಪ್ ಅಂದರೆ ಮೈಯೆಲ್ಲ ತುರಿಕೆ. ಪಿಟೀಲು ಸಂದರ್ಶನಕ್ಕೆ ಅಂತ ಹೋಗಿ ಕುಯ್ದಳು. ಅವರು ಮನದಣಿಯೆ ಬೈದು ಕಳಿಸಿದರು. ಹರೆಯದಲ್ಲಿ ಬಸ್ ನಿಲ್ದಾಣದ ಮೈಕಿನಲ್ಲಿ ಊರುಗಳ ಹೆಸರು ಕೂಗುತ್ತಿದ್ದವರು. ಸಿಟ್ಟು ಬಂದರೆ ಆ ಕಂಠ ತಾನಾಗಿ ಸ್ಟಾರ್ಟ್ ಆಗುತ್ತಿತ್ತು. ಟೈಪ್ ಮಾಡುತ್ತ ಉಸಿರಿಗೆ ಸಾಲು ಮುರಿದವಳ ಕೈ ಅರ್ಧಕ್ಕೇ ನಿಂತಿತು. ಕಣ್ಣೆದುರು ಹೀಗಿತ್ತು:

ಬಾಯಿಗೆ ಬ್ರೇಕಿಲ್ಲ,
ರಾಗಕ್ಕೆ ರಸ್ತೆಯಿಲ್ಲ,
ನಿಲ್ಲೋ ಕಡೆ ನಿಲ್ಲಲ್ಲ,
ಹೋದ ಕಡೆ ಊರಿಲ್ಲ!

“ಅಯ್ಯೋ ಪುಣ್ಯಾತ್ಮ,” ಅಂದುಕೊಂಡಳು, “ನೀವೇ ನಮ್ಮವರು!”

ಒಂದಕ್ಷರ ತಿದ್ದದೆ ಅಚ್ಚು ಹಾಕಿದಳು. ವಾರದೊಳಗೆ ಅದು ಊರಿನ ಮಾತಾಯಿತು. ತರಕಾರಿ ಮಾರುವವಳು ಚೌಕಾಸಿ ಮಾಡುವವರಿಗೆ “ಬಾಯಿಗೆ ಬ್ರೇಕಿಲ್ಲ” ಅಂದಳು. ಅತ್ತೆ ಸೊಸೆಗೆ ಅಂದರು, ಸೊಸೆ ಒಳಗೆ ಹೋಗಿ ಅತ್ತೆಗೆ ಅಂದಳು. ಓದದೆ ಉಳಿದವರು ನಿರ್ದೇಶಕರೊಬ್ಬರೇ. “ಅಂಥ ಪತ್ರಿಕೆ ನಾನು ಕೈಯಲ್ಲಿ ಮುಟ್ಟಲ್ಲ” ಅನ್ನುವುದು ಅವರ ಹೆಮ್ಮೆ.

ಆ ಹೆಮ್ಮೆಯನ್ನೇ ನೆಚ್ಚಿಕೊಂಡು ಪಿಟೀಲು ತನ್ನ ಗೆಳತಿ ‘ಚೂರಿ’ಯ ಹತ್ತಿರ ಓಡಿದಳು. ಚೂರಿ ಹಗಲು ಸಲೂನಿನಲ್ಲಿ ಕೂದಲು ಕತ್ತರಿಸುತ್ತಿದ್ದಳು, ಸಂಜೆ ರ‍್ಯಾಪ್ ಹಾಡುತ್ತಿದ್ದಳು.

“ಏನೇ, ನಮ್ಮನ್ನ ಬೈದಿರೋದನ್ನ ನಾನೇ ಹಾಡ್ಲಾ?”

“ಹ್ಞೂಂ ಕಣೇ. ಹೊಟ್ಟೆ ತುಂಬ ಬೈಸ್ಕೊಂಡು ಹಾಡು.”

ರೇಡಿಯೋ ಆಯ್ಕೆಗೆ ನಿರ್ದೇಶಕರೇ ಮಾಡಿದ ಎರಡು ನಿಯಮ ಇದ್ದವು. ಹಾಡು ಬರೀ ನಂಬರಿನಲ್ಲಿ ಬರಬೇಕು, ಯಾರದೆಂದು ಹೇಳಕೂಡದು; ಅವರು ಒಮ್ಮೆ ‘ಪಾಸ್’ ಅಂದರೆ ಆ ಬ್ರಹ್ಮ ಬಂದರೂ ಬದಲಿಲ್ಲ. ಯಾರದೋ ಅಳಿಯ, ಇನ್ಯಾರದೋ ಭಾವಮೈದುನ ಅಂತ ಶಿಫಾರಸು ಬರದಿರಲಿ ಅಂತ.

ಆಯ್ಕೆಯ ದಿನ ಪತ್ರಕರ್ತರ ಬೆಂಚಿನಲ್ಲಿ ಪಿಟೀಲು ಉಗುರು ಕಚ್ಚುತ್ತ ಕೂತಿದ್ದಳು. ಚೂರಿ ಹಾಡಿ ಕಳಿಸಿದ್ದ ಏಳನೇ ನಂಬರು ಶುರುವಾಯಿತು. ಆಯ್ಕೆ ಸಮಿತಿಯವರೆಲ್ಲ ಆ ಸಂದರ್ಶನ ಓದಿದವರೇ. ಒಬ್ಬರಿಗೆ ಕೆಮ್ಮು ಬಂತು, ಒಬ್ಬರು ಕರ್ಚೀಫು ಬಾಯಿಗೆ ತುರುಕಿಕೊಂಡರು. ನಿರ್ದೇಶಕರು ಮಾತ್ರ ಕಣ್ಣು ಮುಚ್ಚಿ ಮೇಜು ತಟ್ಟತೊಡಗಿದರು.

“ಭೇಷ್! ಆ ರ‍್ಯಾಪಿನವರಿಗೆ ಸರಿಯಾಗಿ ಬಾರಿಸಿದಾರೆ. ಎಲ್ಲೋ ಕೇಳಿದ ಹಾಗಿದೆ... ಹಳೇ ಕಾಲದ ಗಟ್ಟಿ ಸಾಹಿತ್ಯ ಕಣ್ರೀ. ಪಾಸ್!”

“ಸರ್,” ಅಂದರು ಕೆಮ್ಮಿನವರು, “ಇದೂ ರ‍್ಯಾಪೇ.”

ಮೇಜಿನ ಮೇಲಿನ ಕೈ ಮೇಜಿನ ಮೇಲೇ ಉಳಿಯಿತು. “ಬರೆದಿದ್ದು ಯಾರು?”

ಪಿಟೀಲು ಎದ್ದು ನಿಂತಳು. “ನೀವೇ ಸರ್.” ಪತ್ರಿಕೆ ಬಿಡಿಸಿ ಮುಂದಿಟ್ಟಳು.

ಮುಟ್ಟಲ್ಲ ಅಂದವರು ಮುಟ್ಟಿದರು. ಕನ್ನಡಕ ಏರಿಸಿ ಮೆಲ್ಲಗೆ ಓದತೊಡಗಿದರು. ಎರಡನೇ ಸಾಲಿಗೆ ಪಾದ ಅಲುಗಿತು. ಮೂರನೆಯದಕ್ಕೆ ಕಂಠ ಏರಿತು. ನಾಲ್ಕನೆಯದು ಬರುವಷ್ಟರಲ್ಲಿ ಎದ್ದು ನಿಂತು, ಕೊನೆಯ ಬಸ್ಸು ಹೊರಟೇಹೋಯಿತು ಅನ್ನುವ ಹಾಗೆ ಕೂಗುತ್ತಿದ್ದರು. ಕೋಣೆಯ ಗಾಜಿನಾಚೆ ನಿಂತು ನೋಡುತ್ತಿದ್ದ ಚೂರಿ ತಡೆಯಲಾರದೆ ಚಪ್ಪಾಳೆಯಲ್ಲಿ ತಾಳ ಹಿಡಿದಳು. ಕೋಣೆಗೆ ಕೋಣೆಯೇ ಸೇರಿಕೊಂಡಿತು.

ನಿರ್ದೇಶಕರು ಏದುಸಿರು ಬಿಡುತ್ತ ನಿಂತರು.

“ಬೆಳಗಿನ ವಾರ್ತೆ ಆದ ತಕ್ಷಣ ಹಾಕಿ, ಊರೆಲ್ಲಾ ಕೇಳಲಿ,” ಅಂದರು. “ಇನ್ಮೇಲೆ ಇಂಥವು ಬಂದ್ರೆ ಪೂರ್ತಿ ಕೇಳಿ ಆಮೇಲೆ ಬೈತೀನಿ. ಏನಮ್ಮ ಪಿಟೀಲು, ಸಾಹಿತ್ಯ ಅಂತ ನನ್ನ ಹೆಸರು ಹಾಕ್ಸೋಕೆ ಮರೀಬೇಡ!”

ಅಷ್ಟು ಹೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತ ಕುರ್ಚಿಗೆ ಕುಸಿದರು. ಪಿಟೀಲು ನಕ್ಕಳು, ಚೂರಿ ನಕ್ಕಳು, ಕರ್ಚೀಫಿನವರು ಕರ್ಚೀಫು ಕಿತ್ತೆಸೆದು ನಕ್ಕರು. ಆದರೆ ನಿರ್ದೇಶಕರ ನಗುವಿನೆದುರು ಅವರ್ಯಾರ ನಗುವೂ ಕೇಳಿಸಲಿಲ್ಲ.