ಹಾಲಮ್ಮ ಓದಿದ ಹೆಜ್ಜೆ

ಉಮಾಮಹೇಶ್ವರಿಯನ್ನು ನೋಡಲು ಬಂದವರು ಯಾರೂ ಅವಳ ಮುಖವನ್ನು ಸರಿಯಾಗಿ ನೋಡಿದ್ದಿಲ್ಲ. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ನೆಟ್ಟಗೆ ಕಾಲು ನೋಡುತ್ತಿದ್ದರು. ಆ ಕಾಲುಗಳೂ ನೋಡುವ ಹಾಗೇ ಇದ್ದವೆನ್ನಿ. ಅಂಗಾಲು ರೊಟ್ಟಿ ತಟ್ಟಿದಂತೆ ಚಪ್ಪಟೆ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಅಂಥವಳು ಗಂಡನನ್ನು ಆಳುತ್ತಾಳೆಂದು ದಾವಣಗೆರೆಯ ಹೆಂಗಸರೆಲ್ಲ ಬಲ್ಲರು, ತಾವು ಗಿಡ್ಡ ಬೆರಳಿಟ್ಟುಕೊಂಡೇ ಗಂಡಂದಿರನ್ನು ಆಳುತ್ತಿದ್ದರೂ. ಕಿರುಬೆರಳು ಪಕ್ಕದ್ದರ ಮೇಲೆ ಹತ್ತಿ ಕೂತಿತ್ತು. ಸಾಲದ್ದಕ್ಕೆ ಬಲಗಾಲಿನಲ್ಲಿ ಒಂದು ಆಣಿ.

ಅವಳಿಗೇನೂ ಇದರಿಂದ ಬೇಜಾರಿರಲಿಲ್ಲ. ಉದ್ದದ ಬೆರಳಿಗೆ ‘ಗೌಡ್ರು’ ಎಂದೂ, ಹತ್ತಿ ಕೂತದ್ದಕ್ಕೆ ‘ಸವಾರ’ ಎಂದೂ ಹೆಸರಿಟ್ಟಿದ್ದಳು. ಆಣಿ ಚುಚ್ಚಿದರೆ “ನಾಳೆ ಮಳೆ” ಅನ್ನುತ್ತಿದ್ದಳು. ರೇಡಿಯೋಕ್ಕಿಂತ ಅದರ ಮಾತೇ ಹೆಚ್ಚು ನಿಜವಾಗುತ್ತಿತ್ತು. ಬೇಜಾರೆಲ್ಲ ಅವಳ ಅವ್ವ ಬಸವಣ್ಣೆಮ್ಮನಿಗೆ. ಎಕ್ಕದ ಹಾಲು, ಹರಳೆಣ್ಣೆ, ಹರಕೆ, ಎಲ್ಲವೂ ಆಗಿದ್ದವು. ಎರಡು ಕಡೆಯವರು “ಊರಿಗೆ ಹೋಗಿ ತಿಳಿಸ್ತೀವಿ” ಎಂದು ಹೋದವರು ತಿಳಿಸಿರಲಿಲ್ಲ. ಆ ಊರುಗಳಿಗೆ ಟಪಾಲು ಇರಲಿಲ್ಲವೇನೋ ಪಾಪ.

ಈಗ ಮೂರನೆಯವರು. ಇದೂ ತಪ್ಪಿದರೆ ಹರಿಹರದ ಬಕ್ಕೇಶಪ್ಪ. ಅವನಿಗೆ ಅಕ್ಕಿ ಗಿರಣಿ ಇತ್ತು, ಮೂವರು ಮಕ್ಕಳಿದ್ದರು, ಹೆಂಡತಿ ತೀರಿಕೊಂಡಿದ್ದಳು. ಹಿರಿಯ ಮಗ ಉಮಾಳಿಗಿಂತ ಒಂದೇ ವರ್ಷಕ್ಕೆ ಚಿಕ್ಕವನು. “ಅವರು ಕಾಲು ಗೀಲು ನೋಡಲ್ಲವ್ವ, ದೊಡ್ಡ ಮನಸ್ಸು,” ಎಂದಿದ್ದ ಅಪ್ಪ ಕೊಟ್ಟೂರಪ್ಪ. ನಿಜವೇ, ರೊಟ್ಟಿ ಬಡಿಯಲು ಕೈ ಇದ್ದರೆ ಅವನಿಗೆ ಸಾಕಿತ್ತು. ಆ ಮಾತು ಕೇಳಿದ ದಿನ ಉಮಾಳಿಗೆ ಮೊದಲ ಸಲ ತನ್ನ ಕಾಲು ನೋಡಿ ಹೆದರಿಕೆಯಾಯಿತು.

ಚೀನಾ ಯುದ್ಧ ಮುಗಿದ ಮರುವರ್ಷ, ಒಂದು ಭಾನುವಾರ ಮಧ್ಯಾಹ್ನ, ಮಲೆಬೆನ್ನೂರಿನ ಮುರುಗೇಶಪ್ಪ ಹೆಣ್ಣು ನೋಡಲು ಬಂದ. ಅಲ್ಲಿ ಅವನಿಗೆ ಪಂಪ್‌ಸೆಟ್ಟು, ಟ್ರ್ಯಾಕ್ಟರು ರಿಪೇರಿ ಮಾಡುವ ಅಂಗಡಿಯಿತ್ತು. ಜೊತೆಗೆ ಅವನನ್ನು ಸಾಕಿದ ಸೋದರತ್ತೆ, ಕೊಕ್ಕನೂರಿನ ಹಾಲಮ್ಮ. ಹುಡುಗಿಯನ್ನು ಒದ್ದೆ ಕಾಲಲ್ಲಿ ಕಲ್ಲುಹಾಸಿನ ಮೇಲೆ ನಡೆಸಿ, ಮೂಡಿದ ಹೆಜ್ಜೆ ನೋಡಿಯೇ ಅವಳ ಇಡೀ ಸಂಸಾರ ಹೇಳಿಬಿಡುತ್ತಾಳೆಂದು ಹಾಲಮ್ಮ ಸುತ್ತಲ ಊರುಗಳಲ್ಲೆಲ್ಲ ಹೆಸರುವಾಸಿ. ತನ್ನ ಗಂಡ ಮನೆಬಿಟ್ಟು ಮಠ ಸೇರುವುದು ಮಾತ್ರ ಅವನ ಹೆಜ್ಜೆಯಲ್ಲಿ ಅವಳಿಗೆ ಕಂಡಿರಲಿಲ್ಲ.

ಬಸವಣ್ಣೆಮ್ಮ ಹಾಲಮ್ಮನನ್ನು ಕೈಕಾಲು ತೊಳೆಯಲು ಹಿತ್ತಲ ಬಚ್ಚಲಿಗೆ ಕರೆದೊಯ್ದಳು. ಮುರುಗೇಶಪ್ಪ ಮುಂಬಾಗಿಲಲ್ಲೇ ಚೊಂಬಿನ ನೀರು ಹೊಯ್ದುಕೊಂಡು, ಹಣ್ಣಿನ ಬುಟ್ಟಿ ಹೊತ್ತು ನಡುಮನೆ ದಾಟಿ, ಅಡುಗೆಮನೆ ಬಾಗಿಲಲ್ಲಿ ಇಳಿಸಿದ. “ಭಾರ ಐತೆ, ಒಬ್ರೇ ಎತ್ತಬ್ಯಾಡ್ರಿ,” ಎಂದು ಕದದ ಹಿಂದಿದ್ದವಳಿಗೆ ಮೆಲ್ಲಗೆ ಹೇಳಿ, ಅಲ್ಲಿದ್ದ ಗೋಣಿತಾಟಿಗೆ ಕಾಲೊರೆಸಿ, ವಾಪಸು ಹೋಗಿ ಜಮಖಾನದ ಮೇಲೆ ಕೂತ. ಉಮಾಳಿಗೆ ಆ ದನಿ ಹಿಡಿಸಿತು. ಹಾಗಾಗಿ ಹೆದರಿಕೆ ಇನ್ನಷ್ಟು ಹೆಚ್ಚಾಯಿತು.

ಹಿತ್ತಲಿಂದ ಬಂದ ಹಾಲಮ್ಮ ನಡುಮನೆಯಲ್ಲಿ ಗಕ್ಕನೆ ನಿಂತಳು. ಕಪ್ಪು ಕಲ್ಲಿನ ಮೇಲೆ ಅಡುಗೆಮನೆಯವರೆಗೂ ಒದ್ದೆ ಹೆಜ್ಜೆಯ ಸಾಲು.

“ಯಾರೂ ತುಳೀಬ್ಯಾಡ್ರಿ! ಹುಡುಗಿ ಈಗ ಒಳಗೆ ಓಡ್ಯಾಳ ನೋಡ್ರಿ. ನಡೆಸೋ ತ್ರಾಸೂ ತಪ್ತು.” ಹಾಲಮ್ಮ ಸೊಂಟ ಬಗ್ಗಿಸಿದಳು. “ಅಯ್ಯೋ ಶಿವನೇ! ಅಂಗಾಲಿನ ನಡುವೆ ಒಂಚೂರೂ ಗುಳಿ ಇಲ್ಲ, ಗಂಡಸಿನ ಕಾಲಿದ್ದಂಗೈತೆ! ಕೊಟ್ಟೂರಪ್ಪನೋರೆ, ಇದ್ದದ್ದು ಇದ್ದಂಗೆ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇಂಥಾ ಕಾಲು ಹೊಕ್ಕ ಮನಿ ಹಾಳು. ಇಂಥಾ ಕಾಲಿನೋರ್ನ ಕಟ್ಕೊಂಡೋರು ಉದ್ಧಾರ ಆಗಿದ್ದು ನಾ ಕಾಣೆ.”

ಕದದ ಹಿಂದೆ ಉಮಾ ತನ್ನ ಕಾಲು ನೋಡಿಕೊಂಡಳು. ಒಣಗಿದ್ದವು. ಬಾಯಿ ಮುಚ್ಚಿಕೊಂಡಿದ್ದರೆ ಸಂಬಂಧ ಮುರಿಯುತ್ತದೆ. ಬಾಯಿ ಬಿಟ್ಟರೆ ಬೀಗರ ಮುಖಕ್ಕೆ ಮಸಿ, ಆಗಲೂ ಮುರಿಯುತ್ತದೆ. ಎರಡು ದಾರಿಯೂ ಹರಿಹರಕ್ಕೇ ಹೋಗುತ್ತಿದ್ದವು. ಹೋಗುವುದೇ ಆದರೆ ಇನ್ನೊಬ್ಬರ ಹೆಜ್ಜೆಯ ಪಾಪ ಹೊತ್ತು ಯಾಕೆ ಹೋಗಬೇಕು? ಅವಳಿಗೆ ಮೈಯೆಲ್ಲ ಉರಿಯಿತು. ಕುಡಿಯುವ ನೀರಿನ ಚೊಂಬನ್ನೇ ಎತ್ತಿ ಕಾಲ ಮೇಲೆ ಸುರಿದುಕೊಂಡು ಹೊರಗೆ ಬಂದು, ಆ ಸಾಲಿನ ಪಕ್ಕದಲ್ಲೇ ನಡೆದಳು.

“ಇದು ನಂದು ನೋಡ್ರಮ್ಮ. ಇದೂ ಚಪ್ಪಟೇನೇ, ನಾ ಇಲ್ಲ ಅನ್ನಲ್ಲ. ಅದು ಮಾತ್ರ ನಂದಲ್ಲ.”

ಹಾಲಮ್ಮ ಕೊಟ್ಟೂರಪ್ಪನ ಕಾಲು ನೋಡಿದಳು, ಬಸವಣ್ಣೆಮ್ಮನ ಕಾಲು ನೋಡಿದಳು. ಸೋದರಳಿಯನ ಕಡೆ ತಿರುಗಲೂ ಇಲ್ಲ. ಊರ ಹುಡುಗಿಯರ ಕಾಲು ನೋಡುವ ಗದ್ದಲದಲ್ಲಿ, ತಾನೇ ಸಾಕಿದ ಹುಡುಗನ ಕಾಲು ನೋಡಲು ಅವಳಿಗೆ ಪುರುಸೊತ್ತಾಗಿರಲಿಲ್ಲ. ಗಂಡುಮಕ್ಕಳಿಗೆ ದೇವರು ಕಾಲು ಕೊಟ್ಟಿರುವುದು ನಡೆಯಲಿಕ್ಕೆ ತಾನೆ.

ಮುರುಗೇಶಪ್ಪ ಪಂಚೆಯೊಳಗೆ ಎಳೆದುಕೊಂಡಿದ್ದ ಕಾಲನ್ನು ಮೆಲ್ಲಗೆ ಹೊರಗಿಟ್ಟ. “ಅತ್ತೆ, ಅದು ನಂದು. ಮಿಲಿಟ್ರಿ ಸೇರಾಕ ಹೋದಾಗೂ ಈ ಕಾಲು ನೋಡೇ ವಾಪಸ್ ಕಳಿಸಿದ್ರು. ನಿಮಗೆ ಹೇಳಿರ್ಲಿಲ್ಲ.”

ಹಾಲಮ್ಮ ಬಗ್ಗಿಸಿದ್ದ ಸೊಂಟ ನೆಟ್ಟಗೆ ಮಾಡಿದಳು. “ಗಂಡಸಿಗೆ ಅದು ಗಜಪಾದ! ರಾಜಯೋಗ!”

ಕೊಟ್ಟೂರಪ್ಪ ಹತ್ತಿ ಮಂಡಿಯ ದಲ್ಲಾಳಿ. ಮನೆಯಲ್ಲಿ ಅವನಿಗೆ ಮಾತೇ ಇರಲಿಲ್ಲ, ಇರಲು ಹೆಂಡತಿ ಬಿಟ್ಟಿರಲೂ ಇಲ್ಲ. ಆದರೆ ಮಂಡಿಯ ಒಂದು ಧರ್ಮ ಅವನ ರಕ್ತದಲ್ಲಿತ್ತು: ಮಾದರಿಯ ಹತ್ತಿ ಹಿಂಜಿ ನೋಡಿ ಅದರ ಗುಣ ಬಾಯಿಬಿಟ್ಟು ಹೇಳಿದ ಮೇಲೆ, ಮಾಲು ಯಾರದೆಂದು ತಿಳಿದು ಮಾತು ತಿರುಗಿಸುವಂತಿಲ್ಲ.

“ಹಾಲಮ್ಮನೋರೆ, ಇಂಥಾ ಕಾಲು ಹೊಕ್ಕ ಮನಿ ಹಾಳು ಅಂದೋರು ನೀವೇ. ಅಂಥಾ ಕಾಲಿಗೆ ಮಗಳನ್ನ ಹೆಂಗೆ ಕೊಡ್ಲಿ? ನಾಳೆ ಮಂಡಿಯಾಗ ಈ ಸಂಬಂಧ ಯಾಕ ಬಿಟ್ರಿ ಅಂತ ಕೇಳಿದ್ರೆ, ನೀವು ಹೇಳಿದ್ದನ್ನೇ ಹೇಳ್ತೀನಿ.”

ಮಂಡಿಗೆ ತಾಲ್ಲೂಕಿನ ಎಲ್ಲ ಊರಿನ ಗಾಡಿಯೂ ಬರುತ್ತಿತ್ತು. ಹಾಲಮ್ಮನ ಹೆಸರೂ ಆ ಊರುಗಳಲ್ಲೆಲ್ಲ ಇತ್ತು. ಅವಳ ಮಾತು ಸುಳ್ಳಾಗುವುದಿಲ್ಲವೆಂದು ನಂಬಿದವರು ಇನ್ನು ಮುರುಗೇಶಪ್ಪನಿಗೆ ಹೆಣ್ಣು ಕೊಟ್ಟಾರೇ?

“ತಡ್ರಿ, ತಡ್ರಿ! ಬೆಳಕು ಸಾಲ್ದೆ ಸರಿಯಾಗಿ ಕಾಣ್ಲಿಲ್ಲ,” ಎಂದಳು ಹಾಲಮ್ಮ. ಗವಾಕ್ಷಿಯಿಂದ ನಡುಹಗಲ ಬಿಸಿಲು ಅವಳ ಬೆನ್ನ ಮೇಲೇ ಬಿದ್ದಿತ್ತು. ಮತ್ತೆ ಬಗ್ಗಿ ಎರಡೂ ಸಾಲು ನೋಡಿದಳು. “ಜೋಡಿ ಐತಲ್ರೀ ಇದು! ಒಂಟಿ ಇದ್ರೆ ಕೇಡು, ಜೋಡಿ ಇದ್ರೆ ಬಂಗಾರ. ಲಕ್ಷ್ಮಿ ಊರಿ ನಿಲ್ಲೋ ಪಾದ. ನಮಗೆ ಒಪ್ಪಿಗೆ, ಊರಿಗೆ ಹೋಗಿ ತಿಳಿಸೋದೇನೂ ಇಲ್ಲ.”

“ಅವರನ್ನ ಕೇಳ್ರಿ ಮೊದ್ಲು,” ಎಂದ ಮುರುಗೇಶಪ್ಪ, ನೆಲ ನೋಡುತ್ತ.

“ಏನಂತೀಯವ್ವ?” ಎಂದ ಅಪ್ಪ.

ಉಮಾ ಜಮಖಾನದ ಅಂಚಿಗೆ ಕೂತಳು. ಕಾಲು ಮುಚ್ಚಿಕೊಳ್ಳಲಿಲ್ಲ. “ಅವರೂ ಒಂದ್ಸಲ ನಡೆದು ತೋರಿಸ್ಲಿ,” ಎಂದಳು.

ಬಸವಣ್ಣೆಮ್ಮ ತಲೆಯ ಮೇಲೆ ಕೈಹೊತ್ತಳು. ಮುರುಗೇಶಪ್ಪ ಮಾತ್ರ ಎದ್ದು, ಮುಂಬಾಗಿಲಿಗೆ ಹೋಗಿ ಕಾಲಿಗೆ ನೀರು ಹೊಯ್ದುಕೊಂಡು ಬಂದ. ಕಿವಿ ಕೆಂಪಾಗಿತ್ತು, ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ನಡೆದವನಿಗೆ ನಡೆಯುವುದೇ ಮರೆತಂತಾಗಿ, ಎಡವುತ್ತ ಹೆಜ್ಜೆಯಿಟ್ಟ. ಹಾಲಮ್ಮ ಗೋಡೆಯ ಕಡೆ ಮುಖ ಮಾಡಿದಳು.

ನಗಬೇಕೆಂದೇ ಉಮಾ ಕೂತಿದ್ದಳು. ಆದರೆ ಅಷ್ಟು ಕಣ್ಣುಗಳು ಪಾದಕ್ಕೆ ಅಂಟಿಕೊಂಡಾಗ ಏನನಿಸುತ್ತದೆಂಬುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಅವನು ನಡುಮನೆಯ ಅರ್ಧಕ್ಕೆ ಬರುವಷ್ಟರಲ್ಲಿ ಅವಳಿಗೆ ತಡೆಯಲಾಗಲಿಲ್ಲ. ಜಮಖಾನದ ಮೇಲೆ ತುಸು ಸರಿದು ಜಾಗ ಮಾಡಿದಳು.

“ಸಾಕು ಬಿಡ್ರಿ,” ಎಂದಳು. “ಬಂದು ಕೂಡ್ರಿ.”