ದೇವರ ಮುಂದೆ ಕಾಲು ಚಾಚಿದವಳು

ಬಲಗಾಲಿಗೆ ಕಾಲುಚೀಲ ಏರುತ್ತಲೇ ಇರಲಿಲ್ಲ. ಸತ್ತ ಅಮ್ಮನ ಹಿಮ್ಮಡಿಯನ್ನು ಮಗಳು ತನ್ನ ತೊಡೆಯ ಮೇಲಿಟ್ಟುಕೊಂಡು ಎಳೆಯುತ್ತಿದ್ದಳು. ಚಿಕ್ಕಮ್ಮ ಬಿಳಿ ಬಟ್ಟೆಯ ಅಂಚನ್ನು ಎತ್ತಿ ಹಿಡಿದಿದ್ದಳು. ಅಷ್ಟರಲ್ಲಿ ಹೂಗುಚ್ಛ ಹಿಡಿದು ಒಳಗೆ ಬಂದ ಪಾಸ್ಟರ ಹೆಂಡತಿ ಬಾಗಿಲಲ್ಲೇ ನಿಂತುಬಿಟ್ಟರು. ಚರ್ಚಿನವರೆಲ್ಲ ಅವರನ್ನು ಪಾಸ್ಟರಮ್ಮ ಅನ್ನುತ್ತಿದ್ದರು.

“ಅಯ್ಯೋ ದೇವರೇ, ಆ ಮೊಣಕಾಲು ನೋಡ್ರೇ!”

ಎರಡೂ ಮೊಣಕಾಲಿನ ಮೇಲೆ ಕಪ್ಪಗೆ ಜಡ್ಡು, ಹಳೇ ಚಪ್ಪಲಿಯ ಅಟ್ಟೆಯಷ್ಟು ದಪ್ಪ. ಪಾಸ್ಟರಮ್ಮ ಹತ್ತಿರ ಬಂದು ಬೆರಳ ತುದಿಯಿಂದ ಮುಟ್ಟಿ ನೋಡಿದರು.

“ಪ್ರಾರ್ಥನೆ ಮಾಡಿ ಮಾಡಿ ಬಿದ್ದ ಜಡ್ಡು ಇದು. ನಾವೆಲ್ಲ ಬಾಯಲ್ಲಿ ಪ್ರಾರ್ಥನೆ ಮಾಡ್ತೀವಿ, ಈ ತಾಯಿ ಮೊಣಕಾಲಲ್ಲಿ ಮಾಡಿದ್ಲು. ನಮ್ಮ ಪಾಸ್ಟರಿಗೆ ಹೇಳ್ತೀನಿ, ಇವತ್ತಿನ ಪ್ರಸಂಗ ಇದರ ಮೇಲೇ ಆಗ್ಲಿ.”

ಅವರು ಹೋದ ಮೇಲೆ ಚಿಕ್ಕಮ್ಮ ಬಟ್ಟೆ ಇಳಿಬಿಟ್ಟಳು. “ಹೌದಮ್ಮ ಹೌದು, ಫಿನಾಯಿಲ್ ಬೆರೆಸಿ ಮಾಡಿದ ಪ್ರಾರ್ಥನೆ! ಇಪ್ಪತ್ತಾರು ವರ್ಷ ಅಕ್ಕನ ಕೈಲಿ ನೆಲ ಉಜ್ಜಿಸಿಕೊಂಡವಳೇ ಇವಳು. ಕಚ್ಚಿದ ನಾಯಿಯೇ ಬಂದು ಗಾಯ ಚೆನ್ನಾಗಿದೆ ಅಂದ ಹಾಗಾಯ್ತು.”

“ಇವತ್ತು ಹೇಳೇಬಿಡ್ತೀನಿ ಚಿಕ್ಕಮ್ಮ. ಎಲ್ಲರ ಮುಂದೆ. ಅಮ್ಮನಿಗೆ ಸುಳ್ಳು ಹೊದಿಸಿ ಮಣ್ಣು ಮಾಡೋಕೆ ಬಿಡಲ್ಲ.”

“ಹೇಳು, ಹೇಳು. ಅವರಿಗೆ ಕೇಳಿಸ್ಬೇಕಲ್ಲ.”

* * *

ಆ ಚರ್ಚಿನ ನೆಲ ಕಪ್ಪು ಬಿಳಿ ಕಲ್ಲಿನದು, ಬಾಗಿಲಿಂದ ಬಲಿಪೀಠದವರೆಗೆ ಯಾರೋ ರಾಕ್ಷಸರು ಆಡಲೆಂದು ಚದುರಂಗದ ಮಣೆ ಹಾಸಿದಂತೆ. ಶನಿವಾರ ಶನಿವಾರ ಅಮ್ಮ ಅದನ್ನು ಮೊಣಕಾಲೂರಿ ಉಜ್ಜುತ್ತಿದ್ದಳು; ಉಳಿದ ದಿನ ಚರ್ಚಿನದೇ ಶಾಲೆಯ ಉದ್ದುದ್ದ ವರಾಂಡಾ. ಒಮ್ಮೆ ಕೋಲಿನ ಮಾಪ್ ಕೇಳಿದಳು.

“ನಿಂತ್ಕೊಂಡು ಒರೆಸಿದ್ರೆ ಮೂಲೆ ಕೊಳೆ ಹೋಗಲ್ಲಮ್ಮ,” ಅಂದರು ಪಾಸ್ಟರಮ್ಮ.

ಇನ್ನೊಮ್ಮೆ ಮುಂದಿನ ಸಾಲಿನ ಕೆಂಪು ಮಖಮಲ್ಲಿನ ದಿಂಬೊಂದನ್ನು ಮೊಣಕಾಲಡಿ ಇಟ್ಟುಕೊಂಡಳು.

“ಅದು ಪ್ರಾರ್ಥನೆಗೆ ಇಟ್ಟಿರೋ ದಿಂಬು. ಕೊಡಿಲ್ಲಿ, ಒದ್ದೆ ಮಾಡ್ಬೇಡ.”

ಅಂದಿನಿಂದ ಅಮ್ಮನಿಗೆ ಮಡಿಸಿದ ಗೋಣಿಚೀಲವೇ ಗತಿಯಾಯಿತು.

ಸಂಜೆ ಮನೆಗೆ ಬಂದು, ಬಿಸಿನೀರಲ್ಲಿ ಕಾಲು ತೊಳೆದು, ಶಿಲುಬೆ ತೂಗುಹಾಕಿದ್ದ ಗೋಡೆಯ ಕಡೆಗೇ ಎರಡೂ ಕಾಲು ಚಾಚಿ ಕೂರುತ್ತಿದ್ದಳು. ಅದೇ ಅವಳ ಪ್ರಾರ್ಥನೆ. ಜ್ವರ ಬಂದರೂ ಒಂದು ದಿನ ತಪ್ಪಿಸಿದ್ದಿಲ್ಲ.

ಆರು ವರ್ಷದ ಮಗಳು ಗಾಬರಿಬಿದ್ದು ಕೇಳಿದ್ದಳು: “ದೇವರ ಕಡೆ ಕಾಲು ಚಾಚ್ತಾರೇನಮ್ಮ?”

“ಶಿಷ್ಯರ ಕಾಲು ತೊಳೆದವನು ಕಣೇ ಅವನು. ನನ್ನ ಕಾಲು ನೋಡಿ ಮುಖ ತಿರುಗಿಸ್ತಾನಾ? ದಿನವೆಲ್ಲ ಕಂಡೋರ ಮುಂದೆ ಮೊಣಕಾಲೂರಿರ್ತೀನಿ. ಇವನೊಬ್ಬನ ಮುಂದಾದ್ರೂ ಆರಾಮಾಗಿ ಕೂತ್ಕೋತೀನಿ.”

ಮೊದಮೊದಲು ಬಾಯಿಪಾಠದ ಪ್ರಾರ್ಥನೆ. ಆಮೇಲೆ ಬೇಡಿಕೆ. ಆಮೇಲೆ ಜಗಳ: “ಏನಯ್ಯಾ, ನಿನ್ನೆ ಹೇಳಿದ್ದು ಇವತ್ತಿಗೆ ಮರೆತೆಯಾ? ನಿನಗೂ ವಯಸ್ಸಾಯ್ತು ಬಿಡು.” ಬರಬರುತ್ತಾ ಜಗಳವೂ ಕರಗಿತು. ಕೊನೆಯ ವರ್ಷಗಳಲ್ಲಿ ಅಮ್ಮ ಸುಮ್ಮನೆ ಕೂತಿರುತ್ತಿದ್ದಳು, ಊಟವಾದ ಮೇಲೆ ಹಳೇ ಗಂಡಹೆಂಡಿರು ಕೂತಂತೆ. ನಡುನಡುವೆ “ಹೂಂ” ಅನ್ನುತ್ತಿದ್ದಳು. ಯಾರೋ ಕತೆ ಹೇಳುತ್ತಿದ್ದಾರೆ, ಇವಳು ಹೂಂಗುಟ್ಟುತ್ತಿದ್ದಾಳೆ, ಹಾಗೆ.

ಮಗಳಿಗೆ ಆ ಕತೆ ಕೇಳಿಸಲಿಲ್ಲ. ಅಮ್ಮ ಮನೆಯ ಮೂರೇ ಮೂರು ಮೆಟ್ಟಿಲು ಹತ್ತಲಾಗದೆ ಅತ್ತ ದಿನ ಮಗಳು ಪ್ರಾರ್ಥನೆ ಬಿಟ್ಟಳು.

* * *

“ದಿನಕ್ಕೆ ಎಷ್ಟು ಹೊತ್ತು ಮೊಣಕಾಲೂರಿದ್ದಳೋ ಈ ಸಹೋದರಿ!” ಪಾಸ್ಟರು ಪೆಟ್ಟಿಗೆಯ ಪಕ್ಕ ನಿಂತು ಕೈ ಮೇಲೆತ್ತಿದರು. “ಅದು ದೇವರೊಬ್ಬನಿಗೇ ಗೊತ್ತು!”

“ನಮಗೂ ಗೊತ್ತು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ,” ಚಿಕ್ಕಮ್ಮ ಗೊಣಗಿದಳು.

ಮಗಳು ಎರಡು ಮಾತು ಆಡಲಿ ಅಂದರು ಪಾಸ್ಟರು. ಅವಳು ಎದ್ದು ಪೆಟ್ಟಿಗೆಯ ಪಕ್ಕ ಹೋಗಿ ನಿಂತಳು.

“ನಮ್ಮಮ್ಮ ಮೊಣಕಾಲೂರಿ ಪ್ರಾರ್ಥನೆ ಮಾಡ್ತಿರ್ಲಿಲ್ಲ. ಈ ಜಡ್ಡು ನೀವು ಕಾಲಿಟ್ಟಿದೀರಲ್ಲ, ಈ ನೆಲ ಉಜ್ಜಿ ಬಂದಿದ್ದು. ಮಾಪ್ ಕೇಳಿದ್ಲು, ಕೊಡಲಿಲ್ಲ. ದಿಂಬು ತಗೊಂಡ್ಲು, ಕಿತ್ಕೊಂಡ್ರಿ. ದೇವರ ಮುಂದೆ ಅವಳು ಕಾಲು ಚಾಚ್ಕೊಂಡು ಕೂರ್ತಿದ್ಲು.”

ಎಲ್ಲೋ ಒಂದು ಬೆಂಚು ಕಿರುಗುಟ್ಟಿತು. ಪಾಸ್ಟರಮ್ಮ ಮಡಿಲಲ್ಲಿದ್ದ ಪುಸ್ತಕವನ್ನು ನೆಟ್ಟಗೆ ಮಾಡಿಕೊಂಡರು. ಪಾಸ್ಟರ ಮುಖ ಮಾತ್ರ ಇನ್ನಷ್ಟು ಬೆಳಗಿತು.

“ಕೇಳಿದಿರಾ? ನೆಲ ಒರೆಸೋದನ್ನೇ ಪ್ರಾರ್ಥನೆ ಮಾಡ್ಕೊಂಡ ತಾಯಿ! ಮಾಪ್ ಇಲ್ಲ, ದಿಂಬಿಲ್ಲ, ಆದ್ರೂ ಒಂದು ದಿನ ಗೊಣಗಲಿಲ್ಲ. ಆ ದೀನತೆ ನಮಗೂ ಬರಲಿ. ಎಲ್ಲರೂ ಆಮೆನ್ ಅನ್ನಿ.”

“ಆಮೆನ್,” ಅಂದಿತು ಇಡೀ ಚರ್ಚು. ಹೆಂಗಸರು ಕಣ್ಣೊರೆಸಿಕೊಂಡರು. ಒಬ್ಬಾಕೆಯಂತೂ ಮಗಳ ಕೈ ಹಿಡಿದು, “ಎಷ್ಟು ಚೆನ್ನಾಗಿ ಹೇಳಿದೆ ತಾಯಿ,” ಅಂದಳು.

* * *

ಮಣ್ಣು ಮಾಡಿ ಬಂದವರು ಚರ್ಚಿನೊಳಗಿಟ್ಟ ಕೊಡೆ, ಚೀಲಗಳನ್ನು ಎತ್ತಿಕೊಂಡು ಹೊರಟರು. ಕಪ್ಪು ಬಿಳಿ ಕಲ್ಲಿನ ಮೇಲೆಲ್ಲ ಕೆಸರು ಹೆಜ್ಜೆ. ಅಮ್ಮನ ಗೋಣಿಚೀಲವನ್ನು ಒಯ್ಯಲು ಮಗಳು ಹಿಂದುಳಿದಿದ್ದಳು.

“ನೋಡು ಮಗಳೇ, ಮನಸ್ಸಲ್ಲಿ ಏನೂ ಇಟ್ಕೋಬೇಡ. ನಾನೂ ಇಟ್ಕೊಂಡಿಲ್ಲ.” ಪಾಸ್ಟರಮ್ಮನ ಕಣ್ಣು ನೆಲದ ಮೇಲಿತ್ತು. “ನಾಳಿದ್ದು ಭಾನುವಾರ. ಹೊರಗಿನವರನ್ನ ಎಲ್ಲಿ ಅಂತ ಹುಡುಕಲಿ? ನಿಮ್ಮಮ್ಮನ ಕೈಗುಣ ನಿನಗೂ ಇರುತ್ತಲ್ಲ. ಬಕೆಟ್ಟು ಹಿಂದುಗಡೆ ಇದೆ. ಅಷ್ಟರಲ್ಲಿ ನಾನು ಕಿಟಕಿ ಹಾಕ್ಕೊಂಡು ಬರ್ತೀನಿ.”

ಮಗಳು ಹಿಂದುಗಡೆ ಹೋಗಲಿಲ್ಲ. ಮುಂದಿನ ಸಾಲಿನಿಂದ ಕೆಂಪು ದಿಂಬೊಂದನ್ನು ಎಳೆದು, ಕೆಸರು ಹೆಜ್ಜೆಗಳ ನಟ್ಟನಡುವೆ ಹಾಕಿ, ಅದರ ಮೇಲೆ ಕೂತಳು. ಬಲಿಪೀಠದ ಕಡೆಗೆ ಎರಡೂ ಕಾಲು ಚಾಚಿದಳು. ಚಪ್ಪಲಿಗೆ ಮೆತ್ತಿದ್ದ ಅಮ್ಮನ ಗುಂಡಿಯ ಮಣ್ಣು ಇನ್ನೂ ಹಸಿಯಾಗಿತ್ತು. ಏನಾದರೂ ಅನ್ನಬೇಕೆಂದು ಬಾಯಿ ತೆರೆದಳು, ಬೈಗುಳವೂ ಬರಲಿಲ್ಲ. ಆ ಕಡೆಯಿಂದಲೂ ಏನೂ ಕೇಳಿಸಲಿಲ್ಲ.

ಕಿಟಕಿಗಳು ಒಂದೊಂದಾಗಿ ಮುಚ್ಚುತ್ತಾ ಬಂದವು. ಕೊನೆಗೆ ಬೀಗದ ಕೈಗೊಂಚಲಿನ ಸದ್ದು ಅವಳ ಬೆನ್ನ ಹಿಂದೆಯೇ ಬಂದು ನಿಂತಿತು.

ಅವಳು ಕಾಲು ಮಡಚಲಿಲ್ಲ.