ಹಿರಿಯರ ವಿಮಾನ

ನನ್ನ ಮಗಳು ಇಂಚರಾ ಪರೀಕ್ಷೆಯಲ್ಲಿ ಫೇಲಾದದ್ದು ದಡ್ಡತನದಿಂದಲ್ಲ, ಸಂಸ್ಕಾರದಿಂದ. ಹಾಗೆಂದು ತೀರ್ಪು ಕೊಟ್ಟವರು ನನ್ನ ಯಜಮಾನರು ಶಾಮಣ್ಣನವರು. ಅವರು ಹೇಳಿದ ಮೇಲೆ ನಮ್ಮ ಮನೆಯಲ್ಲಿ ಅಪೀಲಿಲ್ಲ.

ಅವಳು ಓದುತ್ತಿರುವುದು ವಿಮಾನ ಸಂಚಾರ ನಿಯಂತ್ರಣ. ಮುಂಬಯಿಯ ಭಾಂಡುಪಿನಲ್ಲಿ ಮುಚ್ಚಿಹೋಗಿದ್ದ ಒಂದು ಕಾರ್ಖಾನೆಗೆ ಗಾಜು ಹಾಕಿಸಿ ಯೂನಿವರ್ಸಿಟಿ ಮಾಡಿದ್ದಾರೆ. ಅಲ್ಲಿ ಮೂರು ವರ್ಷದ ಡಿಗ್ರಿ. ಬ್ರೋಷರಿನ ತುಂಬ ವಿಮಾನಗಳಿವೆ, ಕ್ಯಾಂಪಸ್ಸಿನಲ್ಲಿ ಒಂದೂ ಇಲ್ಲ. ಡಿಗ್ರಿ ಮುಗಿಸಿದ ಮೇಲೆ ಸರ್ಕಾರದ ಪರೀಕ್ಷೆ ಬೇರೆ ಬರೆಯಬೇಕು, ಅದರಲ್ಲಿ ಪಾಸಾದರೆ ಅವರು ಮತ್ತೆ ಮೊದಲಿನಿಂದ ಕಲಿಸುತ್ತಾರಂತೆ. ಹಾಗಾದರೆ ಇಲ್ಲಿ ಕಲಿಸುವುದೇನು ಎಂದು ನಾನು ಕೇಳಿದ್ದೆ. "ಬೇಸಿಕ್ಸ್" ಎಂದರು ಯಜಮಾನರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಅವರಿಗೆ ತಿಳಿಯದ ವಿಷಯ ಇನ್ನೂ ಹುಟ್ಟಿಲ್ಲ.

ಇಂಚರಾಳಿಗೆ ಮಾತ್ರ ಈ ಓದಿನ ಮೇಲೆ ಜೀವ. ಘಾಟ್ಕೋಪರಿನ ನಮ್ಮ ಬಿಲ್ಡಿಂಗಿನ ಮೇಲೆಯೇ ವಿಮಾನಗಳು ಇಳಿಯಲು ಹೋಗುತ್ತವೆ. ಚಿಕ್ಕವಳಿದ್ದಾಗ ಬಾಲ್ಕನಿಯಲ್ಲಿ ನಿಂತು, ಇವನ್ನೆಲ್ಲ ಹೀಗೆ ಸಾಲಾಗಿ ಕಳಿಸುವವರು ಯಾರು ಎಂದು ಕೇಳಿ ಕೇಳಿ ನನ್ನ ತಲೆ ತಿನ್ನುತ್ತಿದ್ದಳು. ತಾನೇ ಅದಾಗಬೇಕೆಂದು ಅಂದೇ ನಿಶ್ಚಯಿಸಿದ್ದಳೆಂದು ಕಾಣುತ್ತದೆ.

ಅವರ ಪರೀಕ್ಷೆ ಹೀಗೆ. ವಿದ್ಯಾರ್ಥಿ ಒಂದು ಕೋಣೆಯಲ್ಲಿ ರಾಡಾರಿನಂಥ ಪರದೆಯ ಮುಂದೆ ಕೂರಬೇಕು. ಎದುರಿನ ಕೋಣೆಯ ಗೂಡುಗಳಲ್ಲಿ ಕೆಲವರು ಹೆಡ್‌ಫೋನ್ ಹಾಕಿಕೊಂಡು ಪೈಲಟ್‌ಗಳಂತೆ ಮಾತಾಡುತ್ತಾರೆ. ಯಾರು ಮೊದಲು ಇಳಿಯಬೇಕು, ಯಾರು "ಹೋಲ್ಡ್", ಅಂದರೆ ಆಕಾಶದಲ್ಲೇ ಸುತ್ತು ಹಾಕುತ್ತ ಕಾಯಬೇಕು ಎಂದು ವಿದ್ಯಾರ್ಥಿ ಅಪ್ಪಣೆ ಕೊಡಬೇಕು. ಅವತ್ತು ಮುಂದಿದ್ದ ವಿಮಾನಕ್ಕೆ ಅವಳ ಕ್ಲಾಸಿನ ಚೇತನ ಪೈಲಟ್. ಹಿಂದಿನದಕ್ಕೆ ದೂಜ ಎಂಬ ನಿವೃತ್ತ ರೇಡಿಯೋ ಆಪರೇಟರು. ಎಪ್ಪತ್ತು ದಾಟಿದವರು, ಮಾತಿಗೊಮ್ಮೆ ಕೆಮ್ಮುವವರು. ನಮ್ಮ ಹುಡುಗಿ ಚೇತನನ ವಿಮಾನವನ್ನು ಪಕ್ಕಕ್ಕೆ ಅಟ್ಟಿ ದೂಜರನ್ನು ಮೊದಲು ಇಳಿಸಿದಳು. ಯಾಕೆ ಎಂದು ಕೇಳಿದರೆ, "ಸರ್, ಅವರು ದೊಡ್ಡವರು" ಎಂದಳಂತೆ.

ನಗಬೇಡಿ. ನಮ್ಮ ಮನೆಯಲ್ಲಿ ಬೆಳೆದ ಮಗು ಇನ್ನೇನು ಮಾಡೀತು? ಬಚ್ಚಲಿಗೆ ಮೊದಲು ಅಪ್ಪ, ಪೇಪರು ಮೊದಲು ಅಪ್ಪನಿಗೆ, ತಟ್ಟೆ ಮೊದಲು ಅಪ್ಪನಿಗೆ. ಕಾಲೇಜಿಗೆ ಹೊತ್ತಾದರೂ ಅವಳು ಟವೆಲ್ ಹಿಡಿದು ಬಾಗಿಲ ಹೊರಗೆ ನಿಂತಿರುತ್ತಾಳೆ. ಯಜಮಾನರು ಹೊರಗೂ ಹಾಗೆಯೇ. ಗ್ರಾಂಟ್ ರೋಡಿನ ಉಡುಪಿ ಹೋಟೆಲಿನಲ್ಲಿ ಟೇಬಲ್ಲಿಗೆ ಸಾಲಿದ್ದರೆ, "ನನಗೆ ಬಿಪಿ ಇದೆ" ಎಂದು ನೇರ ಒಳಗೆ ನಡೆದುಬಿಡುತ್ತಾರೆ. ಬಿಪಿ ಇರುವುದು ನನಗೆ.

ಫೇಲಾದ ದಿನ ಇಂಚರಾ ಊಟ ಬಿಟ್ಟು ಅತ್ತಳು. ಉಳಿದದ್ದು ಒಂದೇ ಮರುಪರೀಕ್ಷೆ. ಅದೂ ಕೈಕೊಟ್ಟರೆ ಕೋರ್ಸಿನಿಂದಲೇ ಹೊರಗೆ. ಮರುಪರೀಕ್ಷೆಯ ದಿನ ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜಗಳಕ್ಕೆ ಹೊರಟರು. ಕಂಡವರು ಅವರಿಗೆ ಹೊಡೆಯದಿರಲಿ ಎಂದು ನಾನೂ ಹೊರಟೆ.

ಅವಳ ಮೇಷ್ಟ್ರು ಮರೆಪ್ಪನವರು ರಾಯಚೂರು ಕಡೆಯವರು, ವಿಮಾನ ನಿಲ್ದಾಣದ ಟವರಿನಲ್ಲಿ ಬಹಳ ಕಾಲ ದುಡಿದು ಬಂದವರು.

"ಹಿರಿಯರಿಗೆ ಮರ್ಯಾದೆ ಕೊಟ್ಟಿದ್ದಕ್ಕೆ ಫೇಲ್ ಮಾಡ್ತೀರೇನ್ರೀ? ಇದೇನು ಯೂನಿವರ್ಸಿಟೀನೋ, ಚೌಪಾಟೀನೋ?" ಎಂದು ಯಜಮಾನರು ಶುರು ಮಾಡಿದರು.

ಮರೆಪ್ಪನವರು ಪೂರ್ತಿ ಕೇಳಿಸಿಕೊಂಡರು. "ಸಾಹೇಬ್ರ, ನಿಮ್ಮ ಮಗಳು ಶಾಣ್ಯಾಕಿ ಅದಾಳ್ರಿ. ಆದ್ರ ದೊಡ್ಡೋರ ದನಿ ಕೇಳಿದ್ರ ಸಾಕು, ರನ್‌ವೇ ಬಿಟ್ಟು ಕೊಡ್ತಾಳ. ಇವತ್ತಿನ ಪರೀಕ್ಷಾದಾಗ ನೀವ ಪೈಲಟ್ ಆಗಿ ಕುಂದರ್ರಿ."

ಯಜಮಾನರು ತಂದಿದ್ದ ಜಗಳವನ್ನು ಅಲ್ಲೇ ಮರೆತರು. ಪೈಲಟ್ ಅಂದರೆ ಟೋಪಿ ಕೊಡುತ್ತಾರೆಯೇ ಎಂದು ಕೇಳಿದರು.

ಎರಡು ಕೋಣೆಗಳ ನಡುವೆ ಒಂದು ಓಣಿ, ಎರಡೂ ಕಡೆ ಗಾಜು. ಮರೆಪ್ಪನವರೂ ನಾನೂ ಅಲ್ಲಿ ನಿಂತೆವು. ಮಾತು ಸ್ಪೀಕರಿನಲ್ಲಿ ಕೇಳುತ್ತಿತ್ತು. ಚೇತನ ಆಲ್ಫಾ ಒನ್, ದೂಜರು ಆಲ್ಫಾ ಟೂ, ಯಜಮಾನರು ಆಲ್ಫಾ ತ್ರೀ. ಮೂರನೆಯ ನಂಬರು ಎಂದಾಗಲೇ ಅವರ ಮುಖ ಸಣ್ಣದಾಗಿತ್ತು. ಏನು ಮಾತಾಡಬೇಕೆಂದು ಚೀಟಿ ಬರೆದು ಕೊಟ್ಟಿದ್ದರು. ಯಜಮಾನರು ಅದರ ಕಡೆ ತಿರುಗಿಯೂ ನೋಡಲಿಲ್ಲ.

"ಇಂಚರಾ, ನಾನಮ್ಮ. ನನ್ನನ್ನ ಮೊದಲು ಇಳಿಸಿಬಿಡು, ಬೇಗ ಮುಗಿಯತ್ತೆ."

ಅಪ್ಪನ ದನಿ ಕೇಳಿದ್ದೇ ತಡ, ಅವಳು ಕುರ್ಚಿಯಿಂದ ಅರ್ಧ ಎದ್ದಳು. ಮನೆಯಲ್ಲೂ ಹಾಗೆಯೇ ಏಳುತ್ತಾಳೆ. ಮುಗಿಯಿತು ಇವಳ ಓದು ಎಂದುಕೊಂಡೆ. ಅವಳು ಪರದೆಯನ್ನು ನೋಡಿದಳು, ಮೆಲ್ಲಗೆ ಕೂತಳು.

"ಆಲ್ಫಾ ತ್ರೀ, ಹೋಲ್ಡ್. ಯು ಆರ್ ನಂಬರ್ ತ್ರೀ."

"ಅಪ್ಪ ಕಣೇ ನಾನು!"

"ಆಲ್ಫಾ ತ್ರೀ, ಹೋಲ್ಡ್." ದನಿ ನಡುಗುತ್ತಿತ್ತು, ಆದರೂ ಹೇಳಿದಳು.

ಯಜಮಾನರು ಬ್ರಹ್ಮಾಸ್ತ್ರ ತೆಗೆದರು. "ನನಗೆ ಬಿಪಿ ಇದೆ! ಸುತ್ತು ಹಾಕಿ ಹಾಕಿ ತಲೆ ತಿರುಗ್ತಿದೆ!"

ಕುರ್ಚಿಯಲ್ಲಿ ಕೂತವರಿಗೆ ಎಲ್ಲಿಯ ಸುತ್ತು! ನನಗೆ ನಗು ಬಂತು. ಮರೆಪ್ಪನವರು ನಗಲಿಲ್ಲ. ಪೈಲಟ್‌ಗೆ ನಿಜವಾಗಿ ಹುಷಾರಿಲ್ಲದಿದ್ದರೆ ಅವನನ್ನೇ ಮೊದಲು ಇಳಿಸಬೇಕಂತೆ. ಆಕೆ ಕೇಳಿಸದ ಹಾಗೆ ಇದ್ದರೂ ಫೇಲು, ವಿಚಾರಿಸದೆ ದಾರಿ ಬಿಟ್ಟರೂ ಫೇಲು ಎಂದರು.

"ಆಲ್ಫಾ ತ್ರೀ, ಆರ್ ಯು ಡಿಕ್ಲೇರಿಂಗ್ ಎಮರ್ಜೆನ್ಸಿ?" ಎಂದಳು ಇಂಚರಾ. ಅವಳು ತನ್ನ ತಡವರಿಸುವ ಕನ್ನಡಕ್ಕೆ ಇಳಿದಳು. "ಹೌದು ಅಂದ್ರೆ ಎಲ್ಲಾರ್ನೂ ಸೈಡಿಗೆ ಹಾಕ್ತೀನಿ. ಆಂಬುಲೆನ್ಸ್ ಬರತ್ತೆ, ಡಾಕ್ಟರ್ ನಿಮ್ಮ ಬಿಪಿ ಚೆಕ್ ಮಾಡ್ತಾರೆ. ಸಚ್ ಬೋಲೋ, ಅಪ್ಪ, ನಿಜ ಹೇಳಿ. ಹೌದಾ, ಇಲ್ಲಾ?"

ಯಜಮಾನರು ಗಾಜಿನಾಚೆಯಿಂದ ನನ್ನತ್ತ ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ.

"ಇಲ್ಲ," ಎಂದರು.

"ಆಲ್ಫಾ ತ್ರೀ, ಹೋಲ್ಡ್."

ಚೇತನ ಇಳಿದ, ಹೆಡ್‌ಫೋನ್ ಕಳಚಿಟ್ಟು ಹೊರಗೆ ಹೋದ. ದೂಜರು ಕೆಮ್ಮುತ್ತ ಇಳಿದರು, ಅವರೂ ಹೋದರು. "ಇಷ್ಟ ಸಾಕ್ರಿ. ಪಾಸ್," ಎಂದು ಮರೆಪ್ಪನವರು ಇಂಚರಾಳಿಗೆ ಕೈಸನ್ನೆ ಮಾಡಿದರು.

ಅವಳು ಹೊರಗೆ ಬಂದಳು. "ಅಮ್ಮಾ, ಅಪ್ಪಂಗೆ ಗುಸ್ಸಾ ಬಂತಾ?" ಎಂದಳು. ನನಗೆ ಅಳು ಬಂತು. ಹೆಮ್ಮೆಯಿಂದಲೂ ಹೌದು, ಹೊಟ್ಟೆಕಿಚ್ಚಿನಿಂದಲೂ ಹೌದು. ಮದುವೆಯಾದಾಗಿನಿಂದ ಆ ಮನುಷ್ಯನಿಗೆ "ಸ್ವಲ್ಪ ತಾಳಿ" ಎಂದು ಒಮ್ಮೆ ಹೇಳಲು ನನ್ನ ಕೈಲಾಗಿಲ್ಲ. ಇವಳು ಹೇಳಿದ್ದಕ್ಕೆ ಮಾರ್ಕ್ಸ್ ಬೇರೆ ಕೊಟ್ಟರು.

ಸ್ಪೀಕರು ಇನ್ನೂ ಮಾತಾಡುತ್ತಿತ್ತು. "ಹಲೋ, ಆಲ್ಫಾ ತ್ರೀ. ನಂದು ಯಾವಾಗಮ್ಮ?" ಗೂಡಿನೊಳಗೆ ಯಜಮಾನರು ನೆಟ್ಟಗೆ ಕೂತು, ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದಿದ್ದರು. ಅಷ್ಟು ವಿಧೇಯರಾಗಿ ಅವರನ್ನು ನಾನು ಎಂದೂ ಕಂಡಿರಲಿಲ್ಲ.

"ಅಮ್ಮಾರ, ಮುಗೀತು ಅಂತ ಸಾಹೇಬ್ರಿಗೆ ಹೇಳಿಬಿಡ್ರಿ," ಎಂದರು ಮರೆಪ್ಪನವರು.

ಬಾಗಿಲಿನ ಹಿಡಿಗೆ ಕೈ ಹಾಕಿದೆ. ಮತ್ತೆ ತೆಗೆದೆ.

"ಹೇಳ್ತೀನಿ," ಎಂದೆ. "ಮೊದಲು ನಾನೂ ಇವಳೂ ಒಂದು ಟೀ ಕುಡಿದು ಬರ್ತೀವಿ."